ಪ್ರಶ್ನೆಪತ್ರಿಕೆಯ ಹಿಂದಿನ ಕೈಗಳು

1994ರಲ್ಲಿ ನಾನು ಕಾಸರಗೋಡು ಸೀಮೆಯ ಒಂದು ಕನ್ನಡ ಮಾಧ್ಯಮ ಶಾಲೆಗೆ ಗಣಿತದ ಅಧ್ಯಾಪಕನಾಗಿ ಸೇರಿದಾಗ, ತಿಂಗಳ ಪರೀಕ್ಷೆಯ ಮುನ್ನಾದಿನವೆಂದರೆ ಒಂದು ಸಣ್ಣ ಜಾತ್ರೆಯೇ ಸರಿ. ಒಬ್ಬರು ಸ್ಟೆನ್ಸಿಲ್ ಹಾಳೆಯ ಮೇಲೆ ಮೊನೆಯ ಲೇಖನಿಯಿಂದ ಬರೆಯಬೇಕು. ಇನ್ನೊಬ್ಬರು ಅದನ್ನು ಸುಕ್ಕಾಗದಂತೆ ಸೈಕ್ಲೋಸ್ಟೈಲ್ ಯಂತ್ರದ ಉರುಳೆಗೆ ಹೊದೆಸಬೇಕು. ಮತ್ತೊಬ್ಬರು ಶಾಯಿ ಸವರಬೇಕು. ಹಿಡಿ ತಿರುಗಿಸುವುದು ನಮ್ಮ ಪ್ಯೂನಣ್ಣನ ಕೆಲಸ. ಸ್ಟೆನ್ಸಿಲ್ಲಿನಲ್ಲಿ ತಪ್ಪಿದರೆ ದ್ರಾವಣ ಹಚ್ಚಿ, ಅದು ಒಣಗುವ ತನಕ ಕಾದು, ಮತ್ತೆ ಬರೆಯಬೇಕಾಗಿದ್ದುದರಿಂದ, ಬರೆಯುವ ಮೊದಲೇ ಕನ್ನಡ ಪಂಡಿತರು ಕರಡನ್ನು ಗಟ್ಟಿಯಾಗಿ ಓದುತ್ತಿದ್ದರು. ಗಣಿತಕ್ಕೆ ಅವರದು ದೂರದಿಂದಲೇ ನಮಸ್ಕಾರ. ಆದರೂ, “ಮಾಷ್ಟ್ರೇ, ಈ ವಾಕ್ಯ ನನಗೇ ತಿಳಿಯುವುದಿಲ್ಲ, ಮಕ್ಕಳಿಗೆ ಹೇಗೆ ತಿಳಿಯಬೇಕು?” ಎಂದು ನಿಲ್ಲಿಸಿ ಎಷ್ಟೋ ಪ್ರಶ್ನೆಗಳನ್ನು ನೇರ್ಪಡಿಸಿದ್ದುಂಟು. ಒಮ್ಮೆ ಅಂಕಗಳ ಮೊತ್ತ 25ರ ಬದಲು 27 ಆಗಿದ್ದುದನ್ನು ಹಿಡಿದವನು ಹಿಡಿ ತಿರುಗಿಸುತ್ತಿದ್ದ ಅಣ್ಣನೇ.

ಈ ಸಡಗರ ಆಗ ನನಗೆ ಪ್ರಿಯವಾಗಿತ್ತೆಂದರೆ ಸುಳ್ಳಾದೀತು. ಅಂಗಿಗೆ ಮಸಿ ಹತ್ತುತ್ತಿತ್ತು, ಸಂಜೆಯ ಬಸ್ಸು ತಪ್ಪುತ್ತಿತ್ತು. ಆದುದರಿಂದ ಕಂಪ್ಯೂಟರೂ ಪ್ರಿಂಟರೂ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನೇ. ಬರೆಯುವವನು, ತಿದ್ದುವವನು, ಅಚ್ಚು ತೆಗೆಯುವವನು ಎಲ್ಲವೂ ನಾನೊಬ್ಬನೇ! ಹೀಗೆ 2016ರಲ್ಲಿ ಒಂಬತ್ತನೆಯ ತರಗತಿಗೆಂದು ಸಿದ್ಧಪಡಿಸಿದ ಪತ್ರಿಕೆಯಲ್ಲಿ, ಹಳೆಯದೊಂದರಿಂದ ನಕಲು ಮಾಡುವಾಗ, ‘ತ್ರಿಜ್ಯ’ವಿರಬೇಕಾದಲ್ಲಿ ‘ವ್ಯಾಸ’ ಉಳಿದುಹೋಯಿತು. ಚಿತ್ರದಲ್ಲಿ ತ್ರಿಜ್ಯ 7 ಸೆಂಟಿಮೀಟರು, ವಾಕ್ಯದಲ್ಲಿ ವ್ಯಾಸ 7 ಸೆಂಟಿಮೀಟರು. ಕೇಳಿದ್ದು ವೃತ್ತದ ವಿಸ್ತೀರ್ಣ. ಒಂದು ಉತ್ತರ ಇನ್ನೊಂದರ ನಾಲ್ಕರಷ್ಟು. ಎರಡಕ್ಕೂ ಅಂಕ ಕೊಟ್ಟೆ. ಆದರೆ ಒಬ್ಬ ಹುಡುಗಿ ಈ ಎರಡರ ನಡುವೆ ಸಿಕ್ಕಿ, ಬರೆದು, ಹೊಡೆದು, ಮತ್ತೆ ಬರೆದು, ಕೊನೆಯ ಎರಡು ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ. ಆ ಬರಿಯ ಹಾಳೆಗೆ ಯಾವ ಅಂಕ ಕೊಡಲಿ? ಮಲಯಾಳದ ಪತ್ರಿಕೆಯಾದರೆ ನೋಡುವ ಕಣ್ಣುಗಳು ಹತ್ತಾರು. ಕನ್ನಡದ ಪತ್ರಿಕೆಗೆ ನಾವೇ ಇಬ್ಬರೋ ಮೂವರೋ.

ಅಹಮದಾಬಾದಿನ ಕ್ಯಾಲಿಕೊ ಗಿರಣಿಯ ಸಂಗತಿಯನ್ನು ನಾನು ಓದಿದ್ದು ಆ ಬೇಸರದ ದಿನಗಳಲ್ಲಿ. ಅಲ್ಲಿ 1952ರಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಹೂಡಿದರೂ ನಿರೀಕ್ಷಿಸಿದಷ್ಟು ಬಟ್ಟೆ ಬರಲಿಲ್ಲ. ಒಂದು ವಿಭಾಗದಲ್ಲಿ 224 ಮಗ್ಗ, 29 ಮಂದಿ. ನೇಯುವವನೊಬ್ಬ, ಕಂಡಿಕೆ ತುಂಬುವವನೊಬ್ಬ, ಕಡಿದ ಎಳೆಗಳನ್ನು ಕೂಡಿಸುವವನೊಬ್ಬ, ಎಣ್ಣೆ ಹಾಕುವವನೊಬ್ಬ. ಒಬ್ಬೊಬ್ಬನ ಪಾಲಿಗೆ ಬೇರೆ ಬೇರೆ ಸಂಖ್ಯೆಯ ಮಗ್ಗಗಳು. ಇದು ನಮ್ಮದೆಂದು ಹೇಳುವ ಗುಂಪೇ ಇಲ್ಲ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅವರು 64 ಮಗ್ಗಗಳನ್ನು ಏಳು ಮಂದಿಯ ಒಂದು ಗುಂಪಿಗೆ ಒಪ್ಪಿಸುವ ಏರ್ಪಾಡನ್ನು ಸೂಚಿಸಿದರು. ಯಾರು ಯಾರೊಡನೆ ಎಂಬುದನ್ನು ಕೆಲಸಗಾರರೇ ನಿಶ್ಚಯಿಸಿಕೊಂಡರು. ಮಗ್ಗಗಳು ಅವೇ. ಮೊದಮೊದಲಿನ ಎಡರುಗಳು ಕಳೆದ ಮೇಲೆ ನೇಯ್ಗೆ ಹೆಚ್ಚಿತು, ಕೆಟ್ಟ ಬಟ್ಟೆ ಕಡಿಮೆಯಾಯಿತು.

ಸೈಕ್ಲೋಸ್ಟೈಲ್ ನಮ್ಮನ್ನು ಬಲವಂತದಿಂದ ಒಂದುಗೂಡಿಸುತ್ತಿತ್ತು. ಕಂಪ್ಯೂಟರಿಗೆ ಆ ಹಟವಿಲ್ಲ. ಕೂಡುವುದನ್ನು ನಾವೇ ಏರ್ಪಡಿಸಿಕೊಳ್ಳಬೇಕಾಯಿತು. ಅಚ್ಚಾಗುವ ಮುನ್ನ ಪ್ರತಿಯೊಂದು ಪತ್ರಿಕೆಯನ್ನೂ ಬೇರೆ ವಿಷಯದ ಅಧ್ಯಾಪಕರೊಬ್ಬರು ಗಟ್ಟಿಯಾಗಿ ಓದತಕ್ಕದ್ದೆಂದು ನಿಯಮ ಮಾಡಿಕೊಂಡೆವು. ಪಂಡಿತರು ಮಾತ್ರ ಪರದೆಯ ಮುಂದೆ ಕೂರಲು ಒಲ್ಲೆನೆಂದರು. ಅವರದು ಹೆದರಿಕೆಯಲ್ಲ, ನಾಚಿಕೆ. 2018ರಲ್ಲಿ ಕೇರಳದ ಪ್ರೌಢಶಾಲೆಗಳಲ್ಲಿ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿಕೂಟ ಆರಂಭವಾದಾಗ, ಅದನ್ನು ಸೇರಿದ ಒಬ್ಬ ಹುಡುಗಿ ಅವರಿಗೆ ಗುರುವಾದಳು. ‘ಕ್ಷ’ ಬೇಕಾದರೆ ಕ ಒತ್ತಿ, ಹಲಂತ ಒತ್ತಿ, ಷ ಒತ್ತಬೇಕೆಂದು ಅವಳು ತೋರಿಸಿದಾಗ ಪಂಡಿತರು ಕುರ್ಚಿಯಲ್ಲಿ ನೆಟ್ಟಗಾದರು. “ಇದು ವ್ಯಾಕರಣವೇ ಅಲ್ಲವೇ ಮಗೂ! ನಾನು ಮೂವತ್ತು ವರ್ಷ ಹೇಳಿಕೊಟ್ಟದ್ದು ಇದನ್ನೇ!” ಅಂದಿನಿಂದ ಅವಳು ಕೀಲಿ ಹೇಳುವುದು, ಅವರು ಕಾಗುಣಿತ ಹೇಳುವುದು.

ಈ ಓದು ಕಾಲಹರಣವೆಂದು ನಮ್ಮ ತರುಣ ವಿಜ್ಞಾನ ಅಧ್ಯಾಪಕರ ದೂರು. ಪಂಡಿತರು ನಿವೃತ್ತರಾಗುವ ಮುನ್ನಿನ ಪರೀಕ್ಷೆಯಲ್ಲಿ ಅವರದೇ ಪತ್ರಿಕೆಯನ್ನು ಓದುತ್ತಾ ಒಂದು ಕಡೆ ತಡೆದು, “ಇದೇನು?” ಎಂದರು. ತಪ್ಪೇನೂ ಇರಲಿಲ್ಲ, ಪದ ಪಂಡಿತರಿಗೆ ಹೊಸದು, ಅಷ್ಟೆ. ತರುಣರು ಗಡಿಯಾರವನ್ನೊಮ್ಮೆ ನೋಡಿದರು. ಆಮೇಲೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ವಿವರಿಸತೊಡಗಿದರು.