ಅಡಿಟಿಪ್ಪಣಿಯಿಂದ ಹುಟ್ಟಿದ ನಾಲ್ಕು ಹಾಡುಗಳು

ಇರುವುದು ನಾಲ್ಕೇ ಹಾಡು. ಕೇಳಿ ಮುಗಿಸಲು ಮಾತ್ರ 80 ನಿಮಿಷ ಬೇಕು! ಲಂಡನ್ನಿನ ‘ಯೆಸ್’ ಎಂಬ ರಾಕ್ ತಂಡ 1973ರ ಡಿಸೆಂಬರ್‌ನಲ್ಲಿ ಹೊರತಂದ ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್’ ಎರಡು ಎಲ್‌ಪಿ ರೆಕಾರ್ಡ್‌ಗಳ ಆಲ್ಬಮ್. ರೆಕಾರ್ಡಿನ ಒಂದೊಂದು ಬದಿಗೆ ಒಂದೊಂದೇ ಹಾಡು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಭಾಯಿ ರಜೆಗೆ ಬಂದಾಗ ಇದನ್ನು ನನಗೆ ಕೇಳಿಸಿದರು. ಮೊದಲ ಸಲ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ದಿನಕ್ಕೊಂದು ಹಾಡಿನಂತೆ ಸಿಟಿ ಬಸ್ಸಿನಲ್ಲಿ ಕೇಳತೊಡಗಿದೆ.

ಇದು ಹುಟ್ಟಿದ ಬಗೆ ವಿಚಿತ್ರವಾಗಿದೆ. 1973ರಲ್ಲಿ ತಂಡ ಜಪಾನಿಗೆ ಹೋಗಿದ್ದಾಗ ಗಾಯಕ ಜಾನ್ ಆಂಡರ್ಸನ್ ಟೋಕಿಯೊದ ಹೋಟೆಲಿನಲ್ಲಿ ಪರಮಹಂಸ ಯೋಗಾನಂದರ ಆತ್ಮಕಥೆ ಓದುತ್ತಿದ್ದರು. ಅದರ ಒಂದು ಅಡಿಟಿಪ್ಪಣಿಯಲ್ಲಿ ಶಾಸ್ತ್ರಗಳು ನಾಲ್ಕು ಬಗೆ ಎಂದಿತ್ತು: ಶ್ರುತಿ, ಸ್ಮೃತಿ, ಪುರಾಣ, ತಂತ್ರ. ನಾಲ್ಕು ಶಾಸ್ತ್ರಕ್ಕೆ ನಾಲ್ಕು ದೀರ್ಘ ಹಾಡು ಎಂಬ ಯೋಚನೆ ಅಲ್ಲಿಂದಲೇ ಬಂತು. ಅದೇ ಯೋಗಾನಂದರು 1935ರಲ್ಲಿ ಯುವರಾಜರ ಆಹ್ವಾನದ ಮೇಲೆ ನಮ್ಮ ಮೈಸೂರಿಗೆ ಬಂದಿದ್ದರು. ಟೌನ್ ಹಾಲಿನಲ್ಲೂ ಮಹಾರಾಜ ಕಾಲೇಜಿನಲ್ಲೂ ಮಾತನಾಡಿದ್ದನ್ನು ಅದೇ ಪುಸ್ತಕದಲ್ಲಿ ಬರೆದಿದ್ದಾರೆ.

ಶಾಸ್ತ್ರದ ಹೆಸರು ಭಾರತದ್ದಾದರೂ ಸಂಗೀತ ಯೂರೋಪಿನದು. ಈ ತಂಡ ತನ್ನ ಕಾರ್ಯಕ್ರಮಗಳನ್ನು ರಷ್ಯಾದ ಸ್ಟ್ರಾವಿನ್‌ಸ್ಕಿಯ ‘ಫೈರ್‌ಬರ್ಡ್’ ಸಂಗೀತದಿಂದ ಆರಂಭಿಸುತ್ತಿತ್ತು. ಸಿಂಫನಿಯಲ್ಲಿ ಆಗುವಂತೆ ಇಲ್ಲಿಯೂ ಮೊದಲು ಕೇಳಿದ ಸ್ವರಗಳ ಎಳೆ ಕೊನೆಯ ಭಾಗದಲ್ಲಿ ಮತ್ತೆ ಬರುತ್ತದೆ. ಪಿಟೀಲುಗಳ ದೊಡ್ಡ ಮೇಳದಂತೆ ಕೇಳುವುದು ಮೆಲೊಟ್ರಾನ್ ಎಂಬ ಕೀಬೋರ್ಡ್. ಅದರ ಪ್ರತಿ ಕೀಲಿಗೂ ಧ್ವನಿಮುದ್ರಿಸಿದ ಒಂದು ಟೇಪ್ ಇರುತ್ತದೆ. ಮೂರನೆಯ ಹಾಡಿನಲ್ಲಿ ಸ್ಟೀವ್ ಹೋವ್ ಕ್ಲಾಸಿಕಲ್ ಗಿಟಾರ್ ನುಡಿಸುವ ಭಾಗ ನನಗೆ ಅಚ್ಚುಮೆಚ್ಚು.

ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಆದರೂ ‘ತೀರಾ ಉದ್ದ’ ಎಂದು ಹಲವು ವಿಮರ್ಶಕರು ಹಳಿದರು. ಕೀಬೋರ್ಡ್ ವಾದಕ ರಿಕ್ ವೇಕ್‌ಮನ್‌ಗೇ ಇದು ಹಿಡಿಸಲಿಲ್ಲ. ಬೇಸರವಾಗಿ ವೇದಿಕೆಯ ಮೇಲೆಯೇ ಕರಿ ತಿಂದ ಕಥೆಯನ್ನು ಅವರೇ ಹೇಳಿಕೊಂಡಿದ್ದಾರೆ! 1974ರಲ್ಲಿ ತಂಡವನ್ನೂ ಬಿಟ್ಟರು.

ನನ್ನನ್ನು ಕಾಡಿದ್ದು ಉದ್ದವಲ್ಲ. ಬೇರೊಬ್ಬರ ಧರ್ಮದ ಬಗ್ಗೆ ಅಡಿಟಿಪ್ಪಣಿಯಷ್ಟು ತಿಳಿದರೆ ಸಾಕೇ? ಸಾಲದು ಎಂದೇ ನನ್ನ ಅನಿಸಿಕೆ. ಹಾಡಿನ ಸಾಲುಗಳನ್ನು ಎಷ್ಟು ಸಲ ಕೇಳಿದರೂ ಶ್ರುತಿ ಯಾವುದು, ಸ್ಮೃತಿ ಯಾವುದು ಎಂದು ತಿಳಿಯುವುದಿಲ್ಲ. ನಾನು ಅದನ್ನು ಕೇಳಿ ತಿಳಿದದ್ದು ನಮ್ಮ ಕನ್ನಡ ಮೇಷ್ಟ್ರಿಂದ. ನಮ್ಮ ಬಗ್ಗೆ ಅಕ್ಕಪಕ್ಕದವರಿಗೆ ಗೊತ್ತಿರುವುದೂ ಎಷ್ಟೋ ಸಲ ಅಡಿಟಿಪ್ಪಣಿಯಷ್ಟೇ: ಬಿರಿಯಾನಿ, ಈದ್, ಶೀರ್‌ಕುರ್ಮಾ. ಅವರ ಬಗ್ಗೆ ನಮಗೆ ಗೊತ್ತಿರುವುದೂ ದಸರಾ, ಜಂಬೂಸವಾರಿ, ಇಷ್ಟೇ. ಅದನ್ನೇ ಪೂರ್ತಿ ಪುಸ್ತಕ ಎಂದುಕೊಂಡಾಗ ಮನಸ್ಸು ಕೆಡುವಂಥ ಮಾತುಗಳು ಹುಟ್ಟುತ್ತವೆ.

ಅಡಿಟಿಪ್ಪಣಿಯಾಚೆ ಹೋದವರೂ ಇದ್ದಾರೆ. ಮೈಸೂರು ಆಸ್ಥಾನಕ್ಕೆ ಬಂದು ಹಾಡುತ್ತಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನ್ ಹಿಂದೂಸ್ತಾನಿ ಗಾಯಕರು. ಅವರು ಕರ್ನಾಟಕ ಸಂಗೀತವನ್ನು ಕೇಳಿ ಸುಮ್ಮನಾಗಲಿಲ್ಲ. ಅಭ್ಯಾಸ ಮಾಡಿದರು, ತ್ಯಾಗರಾಜರ ಕೃತಿಗಳನ್ನೇ ಹಾಡಿ ರೆಕಾರ್ಡ್ ಕೊಟ್ಟರು.

ಹಾಗೆಂದು ಆಂಡರ್ಸನ್‌ರನ್ನು ನಾನು ತಳ್ಳಿಹಾಕಲಾರೆ. ನಾವೆಲ್ಲ ಹಾರಿಸಿ ಓದುವ ಸಣ್ಣಕ್ಷರದ ಸಾಲುಗಳಲ್ಲಿ ನಿಂತು, ಅದಕ್ಕಾಗಿ ತಿಂಗಳುಗಟ್ಟಲೆ ದುಡಿದರಲ್ಲ! ಅವರು ತೆರೆದ ಬಾಗಿಲಿನಿಂದಲೇ ನಾನು ಮೇಷ್ಟ್ರ ಬಳಿಗೆ ಹೋದದ್ದು. ಗೆಳೆಯರೇ, ಪರೀಕ್ಷೆ ಮುಗಿದ ಮೇಲೆ ಒಮ್ಮೆ ಕೇಳಿ. ದಿನಕ್ಕೊಂದೇ ಹಾಡು ಸಾಕು. ಇಷ್ಟವಾಗದಿದ್ದರೂ ಚಿಂತೆಯಿಲ್ಲ, ಆದರೆ ಪೂರ್ತಿ ಕೇಳಿ ಹೇಳಿ.