ಕಾರವಾರದಿಂದ ಅಂಕೋಲೆಗೆ ಒಂದು ಹೊಲಿಗೆ ಯಂತ್ರ

ಕಾಳೀನದಿಯು ಕಡಲನ್ನು ಕೂಡುವೆಡೆಯಲ್ಲಿ, ಎದುರು ದಡದ ಸದಾಶಿವಗಡವನ್ನು ನೋಡುತ್ತ ಹಬ್ಬಿರುವ ಕಾರವಾರದ ಚೆಲುವನ್ನು ಬಣ್ಣಿಸದ ಪ್ರವಾಸಿ ವಿರಳ. 1880ರ ದಶಕದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿಗೆ ಬಂದ ತರುಣ ರವೀಂದ್ರನಾಥ ಠಾಕೂರರು ‘ಪ್ರಕೃತಿರ್ ಪ್ರತಿಶೋಧ’ವೆಂಬ ನಾಟಕವನ್ನು ಬರೆದುದು ಈ ಕಡಲ ಬದಿಯಲ್ಲಿಯೇ. ಆದರೆ ಕವಿಗೆ ಪ್ರಿಯವಾದ ಗಾಳಿ ಕಬ್ಬಿಣಕ್ಕೆ ವೈರಿ. ಗಾಳಿಯಲ್ಲಿ ಉಪ್ಪು; ಮೇಲೆ ನಾಲ್ಕು ತಿಂಗಳ ಮಳೆ. ಬಾಗಿಲ ಚಿಲಕ, ಬಾವಿಯ ರಾಟೆ, ಸೈಕಲ್ಲಿನ ಸರಪಳಿ, ಯಾವುದಕ್ಕೂ ಇಲ್ಲಿ ದೀರ್ಘಾಯುಷ್ಯವಿಲ್ಲ. ಇಂಥ ಊರಿನಲ್ಲಿ ನೂರರ ಸಮೀಪದ ಹೊಲಿಗೆ ಯಂತ್ರವೊಂದು ಉಳಿದಿದೆಯೆಂದರೆ, ಯಾರದೋ ಕೈ ಅದಕ್ಕೆ ತಪ್ಪದೆ ಎಣ್ಣೆಯುಣಿಸಿದೆಯೆಂದೇ ಅರ್ಥ.

ಅಂಥದೊಂದು ಸಿಂಗರ್ ಯಂತ್ರ ಕಾರವಾರದ ಹಳೆಯ ಮನೆಯೊಂದರಿಂದ ಮಾರಾಟಕ್ಕೆ ಬಂದಿತ್ತು. ಕೇಳಿದವರು ಇಬ್ಬರು. ಒಬ್ಬರಿಗೆ ಬೇಕಾಗಿದ್ದುದು ಕೆಳಗಿನ ಎರಕದ ಕಾಲುಗಳು ಮಾತ್ರ. ಮೇಲೆ ಕಲ್ಲುಹಾಸು ಕೂರಿಸಿ ಉಪಾಹಾರ ಗೃಹದ ಮೇಜು ಮಾಡುವ ಹವಣಿಕೆ. ಈಗಿನ ಕಾಲದ ಈ ಅಲಂಕಾರಪ್ರಿಯತೆಗೆ ಎಷ್ಟು ಯಂತ್ರಗಳ ತಲೆ ಉರುಳಿದೆಯೋ! ಇನ್ನೊಬ್ಬಳು ಆಮದಳ್ಳಿಯ ಕಡೆಯ ಹೆಣ್ಣುಮಗಳು. ಅವಳಲ್ಲಿ ವಿದ್ಯುತ್ತಿನ ಯಂತ್ರವೊಂದು ಆಗಲೇ ಇತ್ತು. ಆದರೆ ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುವುದೋ ಹೇಳಬರುವುದಿಲ್ಲ. ಶಾಲೆಯ ಸಮವಸ್ತ್ರಗಳ ಹೊಲಿಗೆ ಒದಗಿ ಬರುವುದೂ ಆ ದಿನಗಳಲ್ಲಿಯೇ. ಕೂಡಿಟ್ಟ ಹಣವನ್ನೆಲ್ಲ ಕೊಟ್ಟು ಅವಳು ಯಂತ್ರವನ್ನು ಕೊಂಡಳು. ಮನೆಗೆ ತಂದು ನೋಡಿದರೆ ಚಕ್ರ ಒಂದು ಅಂಗುಲವೂ ತಿರುಗದು.

ಯಂತ್ರದ ಕ್ರಮಾಂಕದ ಮೊದಲಲ್ಲಿ ಇಂಗ್ಲಿಷಿನ ‘ವೈ’ ಅಕ್ಷರವಿತ್ತು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಕಂಪನಿಯ ಕಾರ್ಖಾನೆಯಿಂದ 1920 ಮತ್ತು 30ರ ದಶಕಗಳಲ್ಲಿ ಹೊರಬಿದ್ದ ಯಂತ್ರಗಳ ಗುರುತು ಅದು. ಆ ಕಾರ್ಖಾನೆ 1980ರಲ್ಲಿ ಮುಚ್ಚಿಹೋಯಿತು. 1862ರಿಂದ 1956ರವರೆಗೆ ಈ ಜಿಲ್ಲೆ ಮುಂಬಯಿಯ ಆಳ್ವಿಕೆಗೆ ಸೇರಿದ್ದಾಗ, ಅಲ್ಲಿಯ ಸರಕು ಹಡಗಿನಲ್ಲಿ ಕಾರವಾರಕ್ಕೆ ಬಂದಿಳಿಯುತ್ತಿತ್ತು.

ಯಂತ್ರದ ತಲೆಯನ್ನು ಗೋಣಿಯಲ್ಲಿ ಸುತ್ತಿ, ತೊಡೆಯ ಮೇಲಿರಿಸಿಕೊಂಡು ಅವಳು ಅಂಕೋಲೆಯ ಬಸ್ಸು ಹತ್ತಿದಳು. ದಾರಿ ಒಂದೆಡೆ ಬೆಟ್ಟ, ಒಂದೆಡೆ ಕಡಲು. ಈ ಕರಾವಳಿಯಲ್ಲಿ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಮನೆಮಠ ಬಿಟ್ಟೆದ್ದುದನ್ನು ಬಲ್ಲವರು ಅರ್ಗಾದ ಬೇಲಿಯನ್ನು ಕಂಡಾಗ ಮಾತು ನಿಲ್ಲಿಸುವುದುಂಟು. ಅವಳ ತವರೂ ಹಾಗೆ ಎದ್ದು ಬಂದ ಮನೆಗಳಲ್ಲೊಂದು. ಅಜ್ಜಿಯ ಹೊಲಿಗೆ ಯಂತ್ರ ಆ ಗಡಿಬಿಡಿಯಲ್ಲಿ ಮೂರುಕಾಸಿಗೆ ಹೋಗಿತ್ತು.

ಅಂಕೋಲೆಯ ಮಿಸ್ತ್ರಿ ಇಳಿವಯಸ್ಸಿನವರು. ಚಕ್ರಕ್ಕೆ ಕೈಹಾಕಿದವರು ಒಡನೆಯೇ ಬಿಟ್ಟರು.

“ತಂಗೀ, ಒತ್ತಾಯ ಮಾಡಿದಿರೇನು?”

“ಸ್ವಲ್ಪ ಮಾಡಿದೆ, ಮಾಮ.”

“ಇನ್ನು ಮಾಡಬೇಡಿ. ಇದು ತುಕ್ಕಲ್ಲ, ಹಳೆಯ ಎಣ್ಣೆ.”

ನಿಜ, ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ಎಣ್ಣೆಯೇ ಅಂಟಾಗಿ ಗಟ್ಟಿಯಾಗುತ್ತದೆ. ಹೊಸ ಎಣ್ಣೆ ಸುರಿದರೆ ಅದು ಕರಗದು. ಎಣ್ಣೆಯ ರಂಧ್ರಗಳಿಗೆಲ್ಲ ಸೀಮೆಎಣ್ಣೆಯ ಹನಿಯಿಟ್ಟು, ಯಂತ್ರವನ್ನು ರಾತ್ರಿಯಿಡೀ ಬಿಟ್ಟರು. ಮರುದಿನ ಚಕ್ರ ಅರ್ಧ ಸುತ್ತು ಬಂದು ನಿಂತಿತು. ಮುಖದ ತಗಡನ್ನು ಬಿಚ್ಚಿದಾಗ ಸೂಜಿಯ ಸರಳಿಗೆ ಬೆಲ್ಲದ ಪಾಕದಂತೆ ಕಂದು ಅಂಟು. ಅದನ್ನು ಒರೆಸಿ, ತಳದ ತಗಡನ್ನು ಸರಿಸಿದರೆ, ಬಟ್ಟೆಯನ್ನು ಮುಂದೂಡುವ ಹಲ್ಲುಗಳ ಕೆಳಗೆ ನೂಲಿನ ಧೂಳು ಕಂಬಳಿಯಂತೆ ಒತ್ತಿಕೊಂಡಿತ್ತು. ಶಟಲಿನ ಹಿಂದೆ ಮೂರೆಳೆಯ ದಾರ ಬೇರೆ ಸುತ್ತಿಕೊಂಡಿತ್ತು. ಅದನ್ನು ಚಿಮಟದಿಂದ ಎಳೆದ ಬಳಿಕವೇ ಚಕ್ರ ನಿರಾತಂಕವಾಗಿ ತಿರುಗಿತು. ಮೇಲಿನ ಚಿನ್ನದ ಬಳ್ಳಿಯ ಚಿತ್ರವನ್ನು ಸ್ಪಿರಿಟ್ಟಿನಿಂದ ಹೊಳೆಯಿಸಲು ಅವಳು ಬಟ್ಟೆ ಕೈಗೆತ್ತಿಕೊಂಡಾಗ ಮಾತ್ರ ಮಿಸ್ತ್ರಿ ಗದರಿದರು. ಸ್ಪಿರಿಟ್ಟು ತಗಲಿದರೆ ಅರಗಿನ ಲೇಪವೂ ಚಿತ್ರವೂ ಒಟ್ಟಿಗೇ ಎದ್ದುಹೋಗುವವು; ಅದಕ್ಕೆ ಯಂತ್ರದ ಎಣ್ಣೆ ಸವರಿದ ಮೆತ್ತನೆಯ ಅರಿವೆಯೇ ಸಾಕು.

ತಮ್ಮ ಸ್ಟ್ಯಾಂಡಿನ ಮೇಲೆ ಕೂರಿಸಿ ಹೊಲಿದಾಗ ಬಟ್ಟೆಯ ಕೆಳಬದಿಯಲ್ಲೆಲ್ಲ ದಾರದ ಕುಣಿಕೆಗಳು. ಅವಳು ಶಟಲಿನ ತಿರುಪನ್ನು ಬಿಗಿಮಾಡಹೊರಟಳು. ಸಹಜವೇ, ಕೆಳಗೆ ಕಂಡ ದೋಷವನ್ನು ಯಾರಾದರೂ ಕೆಳಗೇ ಹುಡುಕುತ್ತಾರೆ. ಆದರೆ ಕೆಳಗೆ ಕುಣಿಕೆ ಬಿದ್ದರೆ ಸಾಮಾನ್ಯವಾಗಿ ಸಡಿಲವಾಗಿರುವುದು ಮೇಲಿನ ದಾರ. ದಾರವನ್ನು ಅದುಮಿ ಹಿಡಿಯುವ ಎರಡು ಬಿಲ್ಲೆಗಳ ನಡುವೆ ಹಳೆಯ ನೂಲಿನ ಚೂರು ಸಿಕ್ಕಿಕೊಂಡು ಅವು ಕೂಡದೆ ನಿಂತಿದ್ದವು. ಚೂರು ಹೊರಬಂದಿತು, ಹೊಲಿಗೆ ನೇರವಾಯಿತು.

ಈ ಅಂಕೋಲೆಯಲ್ಲೇ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರು ಉಪ್ಪಿನ ಕಾನೂನನ್ನು ಮುರಿದರು. ಪರದೇಶದ ಬಟ್ಟೆಯನ್ನು ಸುಡುವುದೇ ಧರ್ಮವಾಗಿದ್ದ ಆ ಕಾಲದಲ್ಲಿ ಸಿಂಗರ್ ಯಂತ್ರಕ್ಕೆ ಮಾತ್ರ ವಿನಾಯಿತಿ ಇತ್ತೆಂಬುದು ಸೋಜಿಗ. 1924ರಲ್ಲಿ ರಾಮಚಂದ್ರನ್ ಅವರೊಡನೆ ಯಂತ್ರಗಳ ಕುರಿತು ಚರ್ಚಿಸುವಾಗ ಗಾಂಧೀಜಿಯವರು ಸ್ವತಃ ಈ ಯಂತ್ರವನ್ನು ತಮ್ಮ ವಿರೋಧದಿಂದ ಹೊರಗಿಟ್ಟಿದ್ದರು.

ಉಳಿದ ತೊಡಕು ಬಾಬಿನ್ನಿನದು. ಈ ಮಾದರಿಯ ಬಾಬಿನ್ನು ಪೇಟೆಯಲ್ಲಿ ಸಿಕ್ಕುವ ದುಂಡನೆಯದಲ್ಲ. ಕಡ್ಡಿಯಂತೆ ಉದ್ದನೆಯದು, ಮೊನಚು ಮೂತಿಯ ಶಟಲಿನೊಳಗೆ ಮಲಗುವಂಥದು. ಯಂತ್ರದೊಡನೆ ಬಂದುದು ಒಂದೇ. ಇನ್ನೆರಡನ್ನು ಮುಂಬಯಿಯಿಂದ ತರಿಸುವುದಾಗಿ ಮಿಸ್ತ್ರಿ ಒಪ್ಪಿಕೊಂಡರು. ಅಲ್ಲಿಯವರೆಗೆ ದಾರದ ಬಣ್ಣ ಬದಲಿಸಿದಾಗಲೆಲ್ಲ ಬಾಬಿನ್ನನ್ನು ಬಿಚ್ಚಿ ಸುತ್ತಬೇಕು. ಚರ್ಮದ ಪಟ್ಟಿಯನ್ನು ಅಳತೆಗಿಂತ ಒಂದಂಗುಲ ಗಿಡ್ಡವಾಗಿ ಕತ್ತರಿಸಲು ಹೇಳಿದರು, ಮಳೆಯ ಥಂಡಿಗೆ ಅದು ಹಿಗ್ಗುತ್ತದೆ.

ಜೂನ್ ಮೊದಲ ವಾರದಲ್ಲಿ ಅವಳ ಜಗಲಿಯಲ್ಲಿ ಆರು ನೀಲಿ ಲಂಗಗಳ ಬಟ್ಟೆ ಕತ್ತರಿಸಿಟ್ಟಿತ್ತು. ಮಧ್ಯಾಹ್ನ ಹೋದ ಕರೆಂಟು ದೀಪ ಹಚ್ಚುವ ಹೊತ್ತಿಗೂ ಬಂದಿರಲಿಲ್ಲ. ನಾಲ್ಕು ಲಂಗಗಳು ಮುಗಿದಿದ್ದವು. ಐದನೆಯದರ ಅಂಚಿಗಾಗಿ ಅವಳು ಬಾಬಿನ್ನಿಗೆ ದಾರ ಸುತ್ತುತ್ತಿದ್ದಳು.