ನೀಲಿ ಬಣ್ಣದ ನಾದ

ಸ್ಪೀಕರಿನ ಹುಚ್ಚು ಹತ್ತಿದವರ ಜತೆ ಮಾತಿಗೆ ಕೂತರೆ ಊಟ ತಡವಾಯಿತೆಂದೇ ಲೆಕ್ಕ. ಸಂಗೀತದ ಸುದ್ದಿ ಅಲ್ಲಿ ಅಪರೂಪ. ಮಾತೆಲ್ಲ ವೈರು, ಸ್ಟ್ಯಾಂಡು, ಸ್ಟ್ಯಾಂಡಿನ ಬುಡಕ್ಕೆ ಹಾಕುವ ಮೊಳೆ, ಇವುಗಳ ಮೇಲೆಯೇ. ಮಲ್ಲಿಕಾರ್ಜುನ ಮನ್ಸೂರರ ತಾನಕ್ಕಿಂತ ಆ ತಾನ ಹೊರಬಿದ್ದ ಪೆಟ್ಟಿಗೆಯ ಮೇಲೆ ಅಕ್ಕರೆ ಜಾಸ್ತಿ. ಈ ಸೋಂಕು ನನಗೂ ತಗಲಿದೆ. ಹಾಗಾಗಿ ಆಡಿಕೊಳ್ಳುವ ಹಕ್ಕೂ ಇದೆ.

ಸದ್ಯ ನಮ್ಮ ಗುಂಪಿನ ಒಬ್ಬ ಉಳ್ಳವನ ನಿದ್ದೆ ಕೆಡಿಸಿರುವುದು ಇಂಗ್ಲೆಂಡಿನ ಬವರ್ಸ್ ಅಂಡ್ ವಿಲ್ಕಿನ್ಸ್ ಕಂಪನಿಯ 801. ಸಾಮಾನ್ಯ ಮನೆತನದ್ದಲ್ಲ ಅದು. ಮೊದಲ 801 ಹುಟ್ಟಿದ್ದು 1979ರಲ್ಲಿ, ಮುಂದೆ ಲಂಡನ್ನಿನ ಆಬಿ ರೋಡ್ ಸ್ಟುಡಿಯೊದವರೂ ಅದನ್ನು ನೆಚ್ಚಿಕೊಂಡರು. 2021ರಲ್ಲಿ 801 ಡಿ4 ಬಂದಾಗ ಜೋಡಿಗೆ ಅಮೆರಿಕದಲ್ಲಿ 35,000 ಡಾಲರ್ ಇತ್ತು. ಎರಡು ವರ್ಷ ತುಂಬುವಷ್ಟರಲ್ಲಿ ಅದರದೇ ‘ಸಿಗ್ನೇಚರ್’ ಆವೃತ್ತಿ ಬಂತು, 50,000 ಡಾಲರಿಗೆ. ನಡುವಿನ ಅಂತರವೇ ನಮ್ಮ ರೂಪಾಯಿಯಲ್ಲಿ ಹನ್ನೆರಡು ಲಕ್ಷ ದಾಟುತ್ತದೆ. ಸುಂಕದ ಮಾತು ಬೇರೆ.

ಅಷ್ಟು ಕೊಟ್ಟರೆ ಸಿಗುವುದೇನು? ಸದ್ದನ್ನು ಮೇಲಿನದು ಕೆಳಗಿನದು ಎಂದು ಪಾಲು ಹಂಚುವ ಕ್ರಾಸ್‌ಓವರಿನಲ್ಲಿ ಇನ್ನೂ ಒಳ್ಳೆಯ ಬಿಡಿಭಾಗಗಳು, ಮೇಲಿನ ಸದ್ದು ಹಾಡುವ ಟ್ವೀಟರಿನ ಮುಂದೆ ಇನ್ನಷ್ಟು ತೆರೆದ ಜಾಲರಿ, ಹೀಗೆ ಕೆಲವು ತಿದ್ದುಪಡಿ. ಆಮೇಲೆ ಮೈಬಣ್ಣ. ಒಂದೋ ನಡುರಾತ್ರಿಯ ನೀಲಿ, ಇಲ್ಲವೇ ಕ್ಯಾಲಿಫೋರ್ನಿಯಾದ ಹೆಸರು ಹೊತ್ತ, ಮೋಡ ಕದಡಿದಂತಿರುವ ಮರದ ತೆಳುಹಾಳೆಯ ಹೊದಿಕೆ, ಅದರ ಮೇಲೆ ಕನ್ನಡಿಯಂಥ ಪಾಲಿಶ್. ಧಾರೆಗೆ ಸೀರೆ ತೆಗೆಯಲು ಹೋದವರಿಗೆ ಇದೆಲ್ಲ ಗೊತ್ತಿರುವ ವ್ಯವಹಾರ: ಒಡಲು ಹೆಚ್ಚುಕಡಿಮೆ ಅದೇ, ದುಡ್ಡೆಲ್ಲ ಅಂಚಿನಲ್ಲಿ.

ಟ್ವೀಟರ್ ಎರಡರಲ್ಲೂ ವಜ್ರದ್ದೇ, ಕಾರ್ಖಾನೆಯಲ್ಲಿ ಬೆಳೆಸಿದ್ದು. ಅದು ಅಂಕೆ ತಪ್ಪಿ ನಡುಗಬೇಕಾದರೆ ಸುಮಾರು 70 ಕಿಲೊಹರ್ಟ್ಸ್‌ವರೆಗೆ ಹೋಗಬೇಕು. ಮನುಷ್ಯರ ಕಿವಿ ಎಳೆಯದರಲ್ಲಿ 20 ಮುಟ್ಟುತ್ತದೆ. ನಮ್ಮ ಗುಂಪಿನ ನರೆತ ಕಿವಿಗಳಿಗೆ ಹನ್ನೆರಡರ ಆಸುಪಾಸಿನಲ್ಲೇ ಬಾಗಿಲು ಹಾಕಿದೆ. ನಡುಕ ಅಷ್ಟು ದೂರ ಹೋದಷ್ಟೂ ನಮಗೆ ಕೇಳುವ ಭಾಗ ನುಣುಪಾಗಿರುತ್ತದೆ ಎಂದು ಎಂಜಿನಿಯರುಗಳು ಹೇಳುತ್ತಾರೆ, ಸುಳ್ಳಲ್ಲ. ಆದರೂ ಆ ಸ್ಪೀಕರಿನ ಪೂರಾ ಮೈಲೇಜು ಸಿಗುವುದು ಬಾವಲಿಗಳಿಗೆ ಮಾತ್ರ.

ಗೆಳೆಯನ ಜತೆ ಬೆಂಗಳೂರಿನ ಶೋರೂಮಿಗೆ ನಾನೂ ಹೋಗಿದ್ದೆ. ಚರ್ಮದ ಕುರ್ಚಿ, ಫಿಲ್ಟರ್ ಕಾಫಿ, ಆಸ್ಪತ್ರೆಯಂಥ ಮೌನ. ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿಸಿದೆವು. ಮೊದಲು ಹಳೆಯ ಡಿ4. ಉಗುರು ತಂತಿಗೆ ತಾಗುವ ಟಿಕ್ಕು, ಮೆಟ್ಟಿಲ ಮೇಲೆ ತಂತಿ ಎಳೆದಾಗ ಗಮಕದ ಬೆನ್ನಿಗೇ ಬರುವ ಆ ಸಣ್ಣ ಕೀರಲು, ಎಲ್ಲ ಕೈಗೆಟುಕುವ ದೂರದಲ್ಲಿ. ಆಮೇಲೆ ಸಿಗ್ನೇಚರ್. ಎಲ್ಲ ಅದೇ. ಮೀಟಿನ ಬಾಲ ಕೂದಲೆಳೆಯಷ್ಟು ಉದ್ದವಾಗಿತ್ತೇನೋ. ಗೆಳೆಯ ಮಾತ್ರ ‘ಪರದೆ ಸರಿದ ಹಾಗಾಯ್ತು!’ ಎಂದ. ನನಗೆ ಕಂಡದ್ದು ಇಷ್ಟು: ಜೋಡಿ ಬದಲಿಸುವಾಗ ಮಾರಾಟದ ಹುಡುಗ ನಗುನಗುತ್ತಲೇ ವಾಲ್ಯೂಮನ್ನು ಒಂದು ಚೂರು ಏರಿಸಿದ. ಒಂದು ಡೆಸಿಬೆಲ್ ಹೆಚ್ಚಾದರೂ ಸಾಕು, ನಮಗೆ ಜೋರಾಯಿತು ಅನಿಸುವುದಿಲ್ಲ, ಚೆಂದವಾಯಿತು ಅನಿಸುತ್ತದೆ. ಈ ವ್ಯಾಪಾರದ ಹಳೆಯ ಗುಟ್ಟು ಅದು.

ಕಣ್ಣಿನ ಕಿತಾಪತಿ ಇನ್ನೂ ದೊಡ್ಡದು. ಕೆನಡಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅದೇ ಜನ ಅದೇ ಸ್ಪೀಕರುಗಳನ್ನು ಒಮ್ಮೆ ನೋಡುತ್ತ, ಒಮ್ಮೆ ಪರದೆಯ ಹಿಂದಿಟ್ಟು ಕೇಳಿದರು. ಕಂಡಾಗ ಕೊಟ್ಟ ಅಂಕವೇ ಬೇರೆ, ಕಾಣದಾಗ ಕೊಟ್ಟದ್ದೇ ಬೇರೆ. ಕೇಳಿದವರು ದಾರಿಹೋಕರಲ್ಲ, ಸ್ಪೀಕರ್ ಕಂಪನಿಯ ನೌಕರರು. ಗೆಳೆಯನಿಗೆ ಇದನ್ನು ಹೇಳಿದರೆ, ‘ನಮ್ಮನೇಲಿ ಪರದೆ ಕಟ್ಟಿಕೊಂಡು ಯಾರು ಕೂರ್ತಾರೆ ಮಾರಾಯ?’ ಅಂದ. ಜವಾಬು ಸಿಗಲಿಲ್ಲ.

ಹಾಗೆಂದು ಸುಧಾರಣೆ ಅಂದರೆಲ್ಲ ಬೊಗಳೆ ಎನ್ನುವ ಜಾತಿ ನಾನಲ್ಲ. ಕೆಂಟ್ ಸೀಮೆಯ ಕೆಇಎಫ್ ಕಂಪನಿ ತನ್ನ ಐವತ್ತು ವರ್ಷದ ನೆನಪಿಗೆ 2012ರಲ್ಲಿ ಎಲ್‌ಎಸ್50 ಎಂಬ ಪುಟ್ಟ ಪೆಟ್ಟಿಗೆ ತಂದಿತು. ಅದರ ಅಜ್ಜನದು ಸ್ವಾರಸ್ಯದ ಕಥೆ. ಎಪ್ಪತ್ತರ ದಶಕದಲ್ಲಿ ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಹಿಡಿಸುವಂತೆ ಎಲ್‌ಎಸ್3/5ಎ ಎಂಬ ಸ್ಪೀಕರ್ ರೂಪಿಸಿದ್ದರು, ಹಾಡುವ ಭಾಗಗಳು ಕೆಇಎಫ್‌ನವು. ಇಕ್ಕಟ್ಟಿನಲ್ಲಿ ದುಡಿಯಲೆಂದು ಹುಟ್ಟಿದ ಆ ಬಡಪಾಯಿಯ ಹಳೆ ಜೋಡಿಗೆ ಈಗ ಭಕ್ತರು ಕೇಳಿದಷ್ಟು ಸುರಿಯುತ್ತಾರೆ. ಇರಲಿ. ಟ್ವೀಟರ್ ಮುಂದಕ್ಕೆ ಹಾಡುವಷ್ಟೇ ಹಿಂದಕ್ಕೂ ಹಾಡುತ್ತದೆ. ಹಿಂದಿನ ಸದ್ದು ಪೆಟ್ಟಿಗೆಯೊಳಗೆ ಡಿಕ್ಕಿ ಹೊಡೆದು ವಾಪಸು ಬಂದು ಮುಂದಿನದನ್ನು ಕೆಡಿಸುತ್ತದೆ. ಕೆಇಎಫ್‌ನವರು 2020ರಲ್ಲಿ ಅದರ ಬೆನ್ನಿಗೆ ಚಕ್ರವ್ಯೂಹದಂಥ ಒಂದು ಬಿಲ್ಲೆ ಕೂರಿಸಿದರು. ಒಳಹೊಕ್ಕ ಸದ್ದಿಗೆ ಅಭಿಮನ್ಯುವಿನ ಗತಿ, ನೂರಕ್ಕೆ ತೊಂಬತ್ತೊಂಬತ್ತು ಪಾಲು ಅಲ್ಲೇ ಅಡಗುತ್ತದೆ ಎಂದು ಅವರ ಲೆಕ್ಕ. ಅಮೆರಿಕದಲ್ಲಿ ಹಳೆಯದು ಬಂದಾಗಲೂ ಜೋಡಿಗೆ 1,500 ಡಾಲರ್, ಬಿಲ್ಲೆ ಹೊತ್ತ ಎಲ್‌ಎಸ್50 ಮೆಟಾ ಬಂದಾಗಲೂ ಅಷ್ಟೇ. ಹೊಸ ಉಪಾಯಕ್ಕೆ ಬೆಲೆ ಏರಲಿಲ್ಲ, ಹೊಸ ಬಣ್ಣಕ್ಕೆ ಏರಿತು! ಈ ಬಾಬತ್ತಿನಲ್ಲಿ ನನ್ನ ಓಟು ಬಿಲ್ಲೆಗೆ.

ಇನ್ನು ನಮ್ಮ ಮನೆಗಳ ಹಾಲು. ಗ್ರಾನೈಟ್ ನೆಲ, ಕಾಂಕ್ರೀಟ್ ತಾರಸಿ, ಎದುರಾಬದುರು ಬೋಳು ಗೋಡೆ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ, ಟಿಂಗ್ ಎಂದು ಬಾಲ ಕಟ್ಟಿಕೊಂಡು ಸುತ್ತುತ್ತದೆ. 40 ಹರ್ಟ್ಸ್ ಸದ್ದಿನ ಒಂದು ಅಲೆ ಸುಮಾರು ಎಂಟೂವರೆ ಮೀಟರ್ ಉದ್ದ. ಗೆಳೆಯನ ಹಾಲು ಅದಕ್ಕಿಂತ ಗಿಡ್ಡ. ಅಲ್ಲಿ 35,000ದ್ದನ್ನು ಇಟ್ಟರೂ 50,000ದ್ದನ್ನು ಇಟ್ಟರೂ ಮಂದ್ರದ ಸದ್ದು ಒಂದು ಮೂಲೆಯಲ್ಲಿ ಗುಂಯ್‌ಗುಟ್ಟುತ್ತದೆ, ಸೋಫಾದ ಜಾಗಕ್ಕೆ ಬರುವಷ್ಟರಲ್ಲಿ ಮಾಯವಾಗುತ್ತದೆ. ನೆಲಕ್ಕೆ ನವಲಗುಂದದ ಜಮಖಾನೆ ಹಾಸು, ಗೋಡೆಗೆ ಪುಸ್ತಕದ ಕಪಾಟು ಆನಿಸು ಎಂದೆ. ಮೇಲಿನ ಸದ್ದಾದರೂ ಒಂದಿಷ್ಟು ಹದಕ್ಕೆ ಬರುತ್ತದೆ. ಮಂದ್ರಕ್ಕೆ ಜಮಖಾನೆ ಸಾಲದು, ಸದ್ದು ಹೀರುವ ದಪ್ಪನೆಯ ಗೂಡುಗಳೇ ಬೇಕು, ಅದನ್ನು ಮನೆಯವರು ಒಪ್ಪಬೇಕು.

ಎಲ್ಲ ತಾಳ್ಮೆಯಿಂದ ಕೇಳಿಸಿಕೊಂಡ. ಕೊನೆಗೆ, ‘ಅದಿರಲಿ, ಮರದ್ದು ತಗೊಳ್ಳಲೋ, ನೀಲಿಯದೋ, ಅಷ್ಟು ಹೇಳು’ ಎಂದ.

ನೀಲಿ ಅಂದೆ.